ಬಾಗಿಲಾಚೆ ಆರಿಸಿದ ಸ್ಟೆಂಟು

ನನ್ನ ಹೃದಯದ ರಕ್ತನಾಳದೊಳಗೆ ಯಾವ ಸ್ಟೆಂಟು ಕೂರಬೇಕೆಂಬುದನ್ನು ನನ್ನನ್ನು ಕೇಳದೆ ತೀರ್ಮಾನಿಸಲಾಯಿತು. ಆಗ ನನಗೆ ಪ್ರಜ್ಞೆ ತಪ್ಪಿರಲಿಲ್ಲ. ಮಂಪರೂ ಕವಿದಿರಲಿಲ್ಲ. ಕಣ್ಣು ಬಿಟ್ಟುಕೊಂಡು, ವೈದ್ಯರ ಕೈಗೆಟಕುವಷ್ಟು ಹತ್ತಿರದಲ್ಲಿ ಮಲಗಿದ್ದೆ. ಅವರು ನನ್ನನ್ನು ದಾಟಿಕೊಂಡು ಹೋಗಿ, ಬಾಗಿಲು ತೆರೆದು, ಕಾರಿಡಾರಿನಲ್ಲಿ ನಿಂತಿದ್ದ ಕೊಳವೆಬಾವಿ ಕೊರೆಸುವವನೊಬ್ಬನನ್ನು ಕೇಳಿ ಬಂದರು. ಅವನು ತನಗೆ ತಿಳಿದ ವಿದ್ಯೆಯ ಪ್ರಕಾರ ಆರಿಸಿದ. ಅನುಭವಿಸಿದವನು ನಾನು.

ಇದು ನನಗಾದ ಅನ್ಯಾಯ. ಇದನ್ನು ಮೊದಲು ನಮೂದಿಸಿ, ಉಳಿದದ್ದನ್ನು ಆಮೇಲೆ ಹೇಳುತ್ತೇನೆ.

ನಾನು ಸಬ್ ರಿಜಿಸ್ಟ್ರಾರ್ ಆಗಿ ನಿವೃತ್ತನಾದವನು. ಹೊಳಲ್ಕೆರೆ, ಹೊಸದುರ್ಗ, ಹಿರಿಯೂರು ಎಂದು ಜಿಲ್ಲೆಯೊಳಗೇ ಸುತ್ತಿ ಕೊನೆಗೆ ಚಿತ್ರದುರ್ಗದಲ್ಲಿ ನೆಲೆಸಿದೆ. ಜಮೀನು ಮಾರುವವರು ಪತ್ರ ಹಿಡಿದು ನನ್ನ ಮುಂದೆ ನಿಲ್ಲುತ್ತಿದ್ದರು. ಮುದುಕಿಯೊಬ್ಬಳು ಬಂದು ನಿಂತರೆ, ಅವಳ ಪರವಾಗಿ ಮಾತನಾಡಲು ಮಗನೋ ಅಳಿಯನೋ ಮುಂದೆ ಬಂದೇ ಬರುತ್ತಿದ್ದ. ಅವನನ್ನು ಹೊರಗೆ ಕಳಿಸಿ ಅವಳನ್ನೇ ಕೇಳುತ್ತಿದ್ದೆ: "ಅಮ್ಮ, ಇದರಾಗೆ ಏನು ಬರೆದೈತೆ ಅಂತ ನಿಮಗೆ ಗೊತ್ತೈತಾ? ನೀವಾಗೇ ಒಪ್ಪಿ ಕೊಡ್ತಿದ್ದೀರಾ?" ಅವಳ ಬಾಯಿಂದ ಹೌದು ಎಂಬ ಮಾತು ಬರುವವರೆಗೂ ಮೊಹರು ನನ್ನ ಕೈ ಬಿಟ್ಟು ಕದಲುತ್ತಿರಲಿಲ್ಲ. ಇದಕ್ಕಾಗಿ ನನ್ನನ್ನು ಬೈದವರಿದ್ದಾರೆ. ವರ್ಗಾವಣೆ ಮಾಡಿಸಿದವರಿದ್ದಾರೆ. ಯಾರು ಯಾರು ಎಂಬುದು ಇಂದಿಗೂ ನೆನಪಿದೆ.

ಎರಡು ಗುಂಟೆ ಬೀಳು ಹೊಲಕ್ಕೆ ಇಷ್ಟು ವಿಚಾರಣೆ ನಡೆಸುತ್ತಿದ್ದವನ ಎದೆಗೆ ಒಂದು ಪ್ರಶ್ನೆಯೂ ಇಲ್ಲದೆ ಲೋಹ ಇಳಿಸಿದರು.

ಹೊಸ ಶತಮಾನ ಬಂದು ಮೂರ್ನಾಲ್ಕು ವರ್ಷವಾಗಿತ್ತು. ನಿವೃತ್ತಿಯ ನಂತರ ಬೆಳಗಿನ ಹೊತ್ತು ಜೋಗಿಮಟ್ಟಿ ರಸ್ತೆಯಲ್ಲಿ ನಡೆಯುವುದು ನನ್ನ ರೂಢಿ. ಒಂದು ದಿನ ಏರಿನಲ್ಲಿ ಎದೆಯ ಮೇಲೆ ಯಾರೋ ಮೊಣಕೈ ಊರಿದಂತಾಯಿತು. ನೋವೆನ್ನಲು ಬರುವಂತಿರಲಿಲ್ಲ. ಒತ್ತಡ. ನಿಂತೆ. ಹೋಯಿತು. ನಡೆದೆ. ಮತ್ತೆ ಬಂತು. ಈ ಸಲ ದವಡೆಯವರೆಗೆ ಹತ್ತಿತು. ಹಿಂದಿನ ದಿನ ತಿಂದ ಮಂಡಕ್ಕಿ ಮೆಣಸಿನಕಾಯಿಯ ಮೇಲೆ ಆರೋಪ ಹೊರಿಸಿ, ಸೋಡಾ ಕುಡಿದು ಮನೆಗೆ ಬಂದೆ. ಹೆಂಡತಿ ಶಾರದಮ್ಮ ಮುಖ ನೋಡಿದವಳೇ ಚಪ್ಪಲಿ ಮೆಟ್ಟಿಕೊಂಡಳು.

"ನೀವು ಬರ್ತೀರೋ, ನಾನೇ ಹೋಗಿ ಡಾಕ್ಟ್ರನ್ನ ಕರ್ಕಂಡು ಬರ್ಲೋ?"

ಇಸಿಜಿ ತೆಗೆದ ಊರಿನ ವೈದ್ಯರು ಹೆಚ್ಚು ಮಾತನಾಡಲಿಲ್ಲ. ಬೆಂಗಳೂರಿಗೆ ಬರೆದುಕೊಟ್ಟರು. ಶಾರದಮ್ಮನ ತಮ್ಮ ತಿಪ್ಪೇಸ್ವಾಮಿ ಹೊಸದುರ್ಗದಿಂದ ತನ್ನ ಜೀಪು ತಂದ. ಅವನದು ಬೋರ್ ಕೊರೆಯುವ ವ್ಯವಹಾರ. ರಿಗ್ ಲಾರಿ ಇಟ್ಟುಕೊಂಡಿದ್ದ. ದಿನವಿಡೀ ಯಂತ್ರದ ಸದ್ದಿನ ಪಕ್ಕದಲ್ಲೇ ನಿಲ್ಲುವುದರಿಂದ, ಯಾರೊಂದಿಗೆ ಮಾತನಾಡಿದರೂ ಕೂಗಿಯೇ ಮಾತನಾಡುತ್ತಿದ್ದ.

"ಭಾವ, ನೀವು ಏನೂ ಯೋಚ್ನೆ ಮಾಡ್ಬ್ಯಾಡ್ರಿ. ಸುಮ್ನೆ ಕುಂತ್ಕಳ್ರಿ. ನಾನಿದೀನಿ."

ಆ ಮಾತಿನ ಅರ್ಥ ಆಗ ನನಗೆ ತಿಳಿಯಲಿಲ್ಲ.

ಬೆಂಗಳೂರಿನ ಆ ಆಸ್ಪತ್ರೆಯ ಹೆಸರನ್ನು ನಾನು ಬರೆಯುವುದಿಲ್ಲ. ವೈದ್ಯರ ಹೆಸರನ್ನೂ ಬರೆಯುವುದಿಲ್ಲ. ಓದಿದರೆ ಅವರಿಗೆ ತಿಳಿಯುತ್ತದೆ. ದೊಡ್ಡ ಡಾಕ್ಟರು ಎಂದಷ್ಟೇ ಕರೆಯುತ್ತೇನೆ. ಅಲ್ಲಿ ಎಲ್ಲರೂ ಹಾಗೆಯೇ ಕರೆಯುತ್ತಿದ್ದರು. ಮರುದಿನ ನನ್ನನ್ನು ಕ್ಯಾಥ್ ಲ್ಯಾಬಿಗೆ ಒಯ್ದರು. ತೊಡೆಯ ಸಂದಿಯಲ್ಲಿ ಚುಚ್ಚಿ, ಅಲ್ಲಿಂದ ತೆಳುವಾದ ನಳಿಕೆಯೊಂದನ್ನು ಹೃದಯದವರೆಗೆ ತಳ್ಳುತ್ತಾರೆ. ಚುಚ್ಚಿದ ಜಾಗವಷ್ಟೇ ಮರಗಟ್ಟಿರುತ್ತದೆ; ಮಲಗಿದವನಿಗೆ ಕೋಣೆಯ ಮಾತೆಲ್ಲ ಕೇಳುತ್ತದೆ. ಕ್ರಿಕೆಟ್ ಸ್ಕೋರು ಕೇಳಿದೆ. ಯಾವುದೋ ನರ್ಸಿನ ನಿಶ್ಚಿತಾರ್ಥದ ಸುದ್ದಿ ಕೇಳಿದೆ. ನನ್ನ ಸುದ್ದಿ ಮಾತ್ರ ಇಂಗ್ಲಿಷಿನಲ್ಲಿ, ಪರದೆಯ ಕಡೆ ಮುಖ ಮಾಡಿ ನಡೆಯುತ್ತಿತ್ತು. ನನಗೆ ಇಂಗ್ಲಿಷ್ ಬರುತ್ತದೆಂಬುದು ಅವರಿಗೆ ಗೊತ್ತಿರಲಿಲ್ಲ. ಅದನ್ನೂ ಕೇಳಿರಲಿಲ್ಲ.

ಒಂದೇ ಬ್ಲಾಕ್, ಸ್ಟೆಂಟ್ ಹಾಕಿಬಿಡೋಣ ಎಂದು ದೊಡ್ಡ ಡಾಕ್ಟರು ಪರದೆಗೆ ಹೇಳಿದರು. ಕಟ್ಟಿದ ನಾಳವನ್ನು ಒಳಗಿನಿಂದ ತೆರೆದಿಡುವ ತಂತಿಬಲೆಯ ಪುಟ್ಟ ಕೊಳವೆಯೇ ಸ್ಟೆಂಟು. ನಂತರ ಹೊರಗೆ ಹೋದರು. ಬಾಗಿಲಾಚೆ ಅವರ ದನಿ.

"ಪೇಷೆಂಟ್ ಕಡೆಯವರು ಯಾರ್ರೀ?"

ತುಸು ಹೊತ್ತಿನಲ್ಲಿ ಒಳಗೆ ಬಂದರು. ಕೈಯಲ್ಲಿದ್ದ ಎರಡು ಡಬ್ಬಿಗಳಲ್ಲಿ ಒಂದನ್ನು ಸಹಾಯಕನ ಕಡೆ ಚಾಚಿದರು.

"ಇದನ್ನೇ ಓಪನ್ ಮಾಡಿ. ಒಪ್ಪಿದ್ದಾರೆ."

ಯಾರು ಒಪ್ಪಿದ್ದು?

"ಡಾಕ್ಟರೇ, ಏನನ್ನು..." ಎಂದೆ.

"ಮಾತಾಡಬೇಡಿ ಯಜಮಾನ್ರೇ. ಆರಾಮಾಗಿ ಮಲಗಿರಿ."

ಮಲಗಿದ್ದೆ. ಸ್ಟೆಂಟನ್ನು ನಾಳದೊಳಗೆ ಅರಳಿಸುವ ಬಲೂನು ಉಬ್ಬಿದಾಗ ಜೋಗಿಮಟ್ಟಿ ರಸ್ತೆಯ ಮೊಣಕೈ ಮತ್ತೊಮ್ಮೆ ಎದೆಯ ಮೇಲೆ ಊರಿ, ಎದ್ದುಹೋಯಿತು. ಡಿಸ್ಚಾರ್ಜ್ ಆಗುವ ದಿನ ದೊಡ್ಡ ಡಾಕ್ಟರು ರೌಂಡ್ಸ್ ಬಂದರು. ನಾನು ಮಂಚದಿಂದ ಇಳಿದು ನಿಂತು ಕೈ ಮುಗಿದೆ. ಆ ಮುಗಿದ ಕೈಗಳನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ.

ನಾಲ್ಕು ತಿಂಗಳು ಚೆನ್ನಾಗಿದ್ದೆ. ಉಪ್ಪು ಬಿಟ್ಟೆ, ಎಣ್ಣೆ ಬಿಟ್ಟೆ. ಸಕ್ಕರೆ ಕಾಯಿಲೆ ಮೊದಲೇ ಇದ್ದುದರಿಂದ ಸಿಹಿ ಎಂದೋ ಬಿಟ್ಟಾಗಿತ್ತು. ಐದನೆಯ ತಿಂಗಳಲ್ಲಿ ರಸ್ತೆಯ ಏರಿನಲ್ಲಿ ಮತ್ತೆ ನಿಂತೆ. ದುರಸ್ತಿಯಾದ ಎದೆ, ಹೀಗಾಗಲು ಕಾರಣವಿಲ್ಲ ಎಂದು ನನಗೆ ನಾನೇ ವಾದಿಸಿದೆ. ಶಾರದಮ್ಮನಿಗೆ ಹೇಳಲಿಲ್ಲ.

ಆ ದಿನಗಳಲ್ಲೇ ಹೊಳಲ್ಕೆರೆಯಲ್ಲಿ ನನ್ನ ಮಗಳು ಮನೆ ಕಟ್ಟಲು ಶುರು ಮಾಡಿದ್ದಳು. ಮೊದಲು ಬೋರ್ ಆಗಬೇಕಲ್ಲ. ತಿಪ್ಪೇಸ್ವಾಮಿಯೇ ರಿಗ್ ತಂದು ನಿಲ್ಲಿಸಿದ. ಪೂಜೆಯಾಯಿತು, ಕಾಯಿ ಒಡೆದರು. ಶಾರದಮ್ಮ ಮಗಳ ಜೊತೆ ನಿವೇಶನದ ಶೆಡ್ಡಿನಲ್ಲಿ ಉಪ್ಪಿಟ್ಟಿನ ಸಿದ್ಧತೆಯಲ್ಲಿದ್ದಳು. ನಾನು ಹೊಂಗೆ ಮರದ ಕೆಳಗೆ ಕುರ್ಚಿಯಲ್ಲಿದ್ದೆ. ನಮ್ಮ ಕಡೆ ಗಟ್ಟಿ ಬಂಡೆ ಸಿಗುವವರೆಗೆ, ಮೇಲಿನ ಸಡಿಲ ಮಣ್ಣು ರಂಧ್ರದೊಳಗೆ ಕುಸಿಯದಂತೆ ಕೇಸಿಂಗ್ ಪೈಪು ಇಳಿಸುತ್ತಾರೆ. ಯಂತ್ರ ನಿಲ್ಲಿಸಿ ಪೈಪು ಜೋಡಿಸುವ ಹೊತ್ತಿನಲ್ಲಿ ಮನೆ ಕಟ್ಟುವ ಮೇಸ್ತ್ರಿ ಹನುಮಂತಪ್ಪ ತಕರಾರು ತೆಗೆದ.

"ಇಷ್ಟು ದಪ್ಪಂದು ಯಾಕಪ್ಪ? ತೆಳ್ಳಂದು ಸಾಕಾಗಲ್ವಾ?"

"ಏ, ಸುಮ್ನಿರಪ್ಪ ನೀನು," ಎಂದ ತಿಪ್ಪೇಸ್ವಾಮಿ. "ತೆಳ್ಳಂದು ಹಾಕಿದ್ರೆ ಮಣ್ಣು ಒತ್ತಿ ಸೊಟ್ಟಾಗ್ತೈತೆ. ಅಗಾ, ಅಲ್ಲಿ ಕುಂತವ್ರಲ್ಲ ನಮ್ಮ ಭಾವ, ಅವರ ಎದಿಯಾಗಿರೋ ಕೇಸಿಂಗ್ ಆರ್ಸಿದ್ದೇ ನಾನು! ಡಾಕ್ಟ್ರು ಎರಡು ಡಬ್ಬಿ ತಂದು ತೋರ್ಸಿದ್ರು. ಒಂದು ದಪ್ಪ ತಂತೀದು, ಒಂದು ತೆಳ್ಳಂದು. ತೆಳ್ಳಂದಕ್ಕೇ ರೇಟು ಜಾಸ್ತಿ ಅಂತೆ, ಕೇಳು! ದುಡ್ಡಿನ ಮಾತಲ್ಲ ಸಾರ್, ದಪ್ಪಂದೇ ಇಳಿಸ್ರಿ, ನಾಳೆ ಕುಸೀಬಾರ್ದು ಅಂದೆ. ಬೋರ್ ಲೆಕ್ಕ ಹೇಳಿದೆ. ಡಾಕ್ಟ್ರು ನಕ್ಕುಬಿಟ್ರು."

ಡಾಕ್ಟರು ನಕ್ಕರು.

ಕುರ್ಚಿಯಿಂದ ಎದ್ದೆ. ಎದ್ದಾಗ ಎದೆ ಹಿಡಿಯಿತು, ಲೆಕ್ಕಿಸಲಿಲ್ಲ. ಪೈಪಿನ ರಾಶಿಯ ಮುಂದೆ ನಿಂತು, ಕಚೇರಿಯಲ್ಲಿ ಕೇಳುತ್ತಿದ್ದ ಕ್ರಮದಲ್ಲೇ ಕೇಳಿದೆ.

"ಹೆಸರು?"

"ಏನ್ ಭಾವ ಇದು ತಮಾಷಿ?"

"ಹೆಸರು ಹೇಳು."

"ತಿಪ್ಪೇಸ್ವಾಮಿ."

"ತಂದೆಯ ಹೆಸರು?"

"ನಿಮ್ಮ ಮಾವನ ಹೆಸರು ನಿಮಗೇ ಮರ್ತೋತಾ?"

ಹನುಮಂತಪ್ಪ ನಕ್ಕ. ನನ್ನ ಮುಖ ನೋಡಿ ನಿಲ್ಲಿಸಿದ.

"ಆ ಎರಡು ಡಬ್ಬಿಗಳನ್ನು ನನಗೆ ತೋರಿಸಿದ್ದಾರಾ ಅಂತ ಡಾಕ್ಟರನ್ನು ಕೇಳಿದೆಯಾ?"

"ಇಲ್ಲ."

"ದಪ್ಪ ತಂತಿಗೂ ತೆಳು ತಂತಿಗೂ ಎದೆಯೊಳಗೆ ಏನು ವ್ಯತ್ಯಾಸ ಅಂತ ಕೇಳಿದೆಯಾ?"

ತಿಪ್ಪೇಸ್ವಾಮಿಯ ದನಿ ಅಂದು ಮೊದಲ ಬಾರಿಗೆ ತಗ್ಗಿತು. "ಇಲ್ಲ ಭಾವ. ಎರಡೂ ನಡೀತಾವೆ, ಬೇಗ ಹೇಳ್ರಿ ಅಂದ್ರು. ಬಾಗ್ಲು ಅರ್ಧ ತಗದು ನಿಂತಿದ್ರು. ಒಳಗೆ ನಿಮ್ ಕಾಲು ಕಾಣ್ತಿದ್ವು. ನನಗೆ ಹೆದ್ರಿಕೆ ಆಗೋತು. ನನಗೆ ಗೊತ್ತಿರೋದು ಬೋರ್ ಒಂದೇ."

"ಹಾಗಾದರೆ ನನಗೆ ಗೊತ್ತಿಲ್ಲ ಅಂತ ಹೇಳಲು ಏನಾಗಿತ್ತು?"

ನಮ್ಮ ಕಡೆಯ ಗಂಡಸರಿಗೆ ನಾಲ್ಕು ಜನರ ಮುಂದೆ ಗೊತ್ತಿಲ್ಲ ಎನ್ನುವ ಮಾತು ಬರುವುದಿಲ್ಲ. ಕೇಳಿದವರು ದೊಡ್ಡವರಾದರಂತೂ, ಏನಾದರೊಂದು ಹೇಳಿಯೇ ತೀರಬೇಕು. ಹೇಳದಿದ್ದರೆ ಮನೆತನಕ್ಕೇ ಕುಂದು. ಈ ಹುಚ್ಚು ಮರ್ಯಾದೆಗೆ ಎಷ್ಟೋ ಹೊಲಗಳು ಹೋದುದನ್ನು ನನ್ನ ಮೇಜಿನ ಮುಂದೆಯೇ ಕಂಡಿದ್ದೇನೆ.

ಊರಿಗೆ ಮರಳುವ ಬಸ್ಸಿನಲ್ಲಿ ಶಾರದಮ್ಮ ಕಿಟಕಿಯ ಕಡೆ ಮುಖ ಮಾಡಿ ಕುಳಿತಿದ್ದಳು. ನಿನಗೂ ಗೊತ್ತಿತ್ತೇ ಎಂದೆ.

"ನಾನೂ ಅಲ್ಲೇ ನಿಂತಿದ್ದೆ. ನನ್ನೇನು ಕೇಳಿದ್ರಾ? ಗಂಡಸ್ರು ಯಾರು ಬಂದಿದೀರಿ ಅಂತ ನನ್ನ ದಾಟಿ ಅವನ ಹತ್ರ ಹೋದ್ರು." ಆಮೇಲೆ ನನ್ನ ಕಡೆ ತಿರುಗಿದಳು: "ನಿಮ್ಮನ್ನ ಕೇಳಿದ್ದಿದ್ರೆ ಬಿಡ್ತಿದ್ರಾ? ಅಲ್ಲೇ ಮಲಕ್ಕಂಡು ಡಾಕ್ಟ್ರಿಗೇ ಪಂಚನಾಮೆ ಮಾಡ್ತಿದ್ರಿ."

ಮಾಡುತ್ತಿದ್ದೆ. ಮಾಡುವುದು ನನ್ನ ಹಕ್ಕಾಗಿತ್ತು. ಆದರೆ ಆ ಕ್ಷಣದವರೆಗೆ ಅವಮಾನವಾದದ್ದು ನನಗೊಬ್ಬನಿಗೇ ಎಂದು ತಿಳಿದಿದ್ದೆ. ಎಷ್ಟೋ ವರ್ಷ ನನ್ನೊಡನೆ ಬಾಳಿದವಳನ್ನೂ ಆ ಮನುಷ್ಯ ಗೋಡೆಯಂತೆ ಕಂಡು ಸುತ್ತುಹಾಕಿ ನಡೆದಿದ್ದರು. ನನ್ನ ಲೆಕ್ಕಕ್ಕೆ ಅದನ್ನೂ ಸೇರಿಸಿಕೊಂಡೆ.

ಮನೆಗೆ ಬಂದು ಎದೆಯ ವಿಷಯ ಹೇಳಿದೆ. ಚಿತ್ರದುರ್ಗದಲ್ಲೇ ಟ್ರೆಡ್‌ಮಿಲ್ ಟೆಸ್ಟ್ ಮಾಡಿದವರು ಅರ್ಧಕ್ಕೇ ಯಂತ್ರ ನಿಲ್ಲಿಸಿ, ಕೂಡಲೇ ಹೋಗಿ ಎಂದರು. ಬೆಂಗಳೂರಿನಲ್ಲೇ ಬೇರೆ ಆಸ್ಪತ್ರೆಗೆ ಹೋದೆ. ತಿಪ್ಪೇಸ್ವಾಮಿ ಜೀಪು ತಂದಿದ್ದ. ಜೀಪನ್ನು ಒಪ್ಪಿಕೊಂಡೆ, ಅವನನ್ನು ಒಪ್ಪಿಕೊಳ್ಳಲಿಲ್ಲ. ಆಸ್ಪತ್ರೆಯ ಗೇಟಿನಿಂದಾಚೆ ಅವನು ಕಾಲಿಡಕೂಡದೆಂದು ಹೇಳಿದೆ. ಇಡಲಿಲ್ಲ. ಎರಡು ದಿನ ಬೇವಿನ ಮರದ ಕೆಳಗೆ ಜೀಪಿನಲ್ಲೇ ಕುಳಿತಿದ್ದ.

ಈ ಸಲದ ವೈದ್ಯೆ ನನ್ನ ಮಗಳ ವಯಸ್ಸಿನವರು. ಆಂಜಿಯೋಗ್ರಾಮ್ ಮುಗಿದ ಕೂಡಲೇ ಪರದೆಯನ್ನು ನನ್ನ ಕಡೆಗೆ ತಿರುಗಿಸಿದರು. ಅಷ್ಟೇ. ಒಂದು ಪರದೆಯನ್ನು ತಿರುಗಿಸಲು ಎಷ್ಟು ಕಡಿಮೆ ಶ್ರಮ ಸಾಕೆಂದು ಆಗ ತಿಳಿಯಿತು.

"ಇಲ್ಲಿ ನೋಡಿ ಸಾರ್. ಮೊದಲು ಹಾಕಿದ ಸ್ಟೆಂಟ್ ಗಟ್ಟಿಯಾಗೇ ನಿಂತಿದೆ. ಅದರೊಳಗೇ ದಾರಿ ಕಟ್ಟಿಕೊಂಡಿದೆ."

"ಕುಸಿದಿಲ್ಲವೇ?"

"ಇಲ್ಲ. ಇದು ಕುಸಿಯೋ ತೊಂದರೆ ಅಲ್ಲ, ಬೆಳೆಯೋ ತೊಂದರೆ. ಸ್ಟೆಂಟ್ ಒತ್ತಿದಾಗ ನಾಳದ ಒಳಗೋಡೆಗೆ ಗಾಯ ಆಗುತ್ತೆ. ಗಾಯ ಮಾಯೋಕೆ ಮಾಂಸ ಬೆಳೆಯುತ್ತೆ. ಕೆಲವರಲ್ಲಿ ಅದು ಅತಿಯಾಗಿ ಬೆಳೆದು ದಾರಿ ಮುಚ್ಚುತ್ತೆ. ತಂತಿ ದಪ್ಪ ಇದ್ದರೆ ಆ ಸಾಧ್ಯತೆ ಹೆಚ್ಚು ಅಂತ ಎರಡು ಮೂರು ವರ್ಷದಿಂದ ಗೊತ್ತಿದೆ. ನಿಮ್ಮ ನಾಳ ಸಣ್ಣದು, ಸಕ್ಕರೆ ಕಾಯಿಲೆಯೂ ಇದೆ."

"ತೆಳುವಾದದ್ದು ಹಾಕಿದ್ದಿದ್ದರೆ ಮುಚ್ಚುತ್ತಿರಲಿಲ್ಲವೇ?"

"ಹಾಗಂತ ನಾನು ಬರೆದುಕೊಡಲಾರೆ ಸಾರ್. ತೆಳುವಾದದ್ದೂ ಮುಚ್ಚಬಹುದಿತ್ತು. ಸಾಧ್ಯತೆ ಕಡಿಮೆ ಇತ್ತು. ಅಷ್ಟು ಮಾತ್ರ ಹೇಳಬಲ್ಲೆ."

ನನಗೆ ಬೇಕಾಗಿದ್ದುದು ಪೂರ್ತಿ ಅಪರಾಧ ನಿರ್ಣಯ. ಸಿಕ್ಕಿದ್ದು ಇಷ್ಟು. ಆದರೂ ಅದು ನಿಜವಾದದ್ದರಿಂದ ತೆಗೆದುಕೊಂಡೆ. ಭೂಮಿಗೆ ಕೇಸಿಂಗ್ ಇಳಿಸಿದರೆ ಅದು ಸುಮ್ಮನಿರುತ್ತದೆ. ಬಂಡೆಗೆ ಗಾಯದ ಅರಿವಿಲ್ಲ. ದೇಹ ಹಾಗಲ್ಲ. ತನ್ನನ್ನು ಒತ್ತಿದ್ದನ್ನು ಅದು ಮರೆಯುವುದಿಲ್ಲ, ತಿಂಗಳುಗಟ್ಟಲೆ ಒಳಗೊಳಗೇ ಉತ್ತರ ಬೆಳೆಸುತ್ತಿರುತ್ತದೆ. ದೊಡ್ಡ ಡಾಕ್ಟರಿಗೆ ಇದು ಗೊತ್ತಿತ್ತು. ತಿಪ್ಪೇಸ್ವಾಮಿಗೆ ಗೊತ್ತಿರಲಿಲ್ಲ. ಗೊತ್ತಿದ್ದವರು ಗೊತ್ತಿಲ್ಲದವನ ಲೆಕ್ಕ ಕೇಳಿ ನಕ್ಕು, ಆ ಲೆಕ್ಕವನ್ನೇ ಜಾರಿ ಮಾಡಿದರು.

ವೈದ್ಯೆ ಮುಂದಿನ ದಾರಿಗಳನ್ನು ಒಂದೊಂದಾಗಿ ಹೇಳಿದರು. ಬರೀ ಬಲೂನ್ ಹಿಗ್ಗಿಸಬಹುದು. ಮತ್ತೆ ಮುಚ್ಚುವ ಭಯ ಹೆಚ್ಚು. ಆಗತಾನೇ ಬಂದಿದ್ದ ಔಷಧಿ ಲೇಪಿಸಿದ ಸ್ಟೆಂಟನ್ನು ಹಳೆಯದರೊಳಗೇ ಕೂರಿಸಬಹುದು. ಅದರ ತಂತಿಯೂ ತೀರ ತೆಳುವಲ್ಲ, ಆದರೆ ಲೇಪದ ಔಷಧಿ ಮಾಂಸ ಬೆಳೆಯುವುದನ್ನು ತಡೆಯುತ್ತದೆ. ರಕ್ತ ಹೆಪ್ಪುಗಟ್ಟದಂತೆ ಎರಡು ಮಾತ್ರೆಗಳನ್ನು ಬಹುಕಾಲ ನುಂಗಬೇಕು. ನಡುವೆ ನಿಲ್ಲಿಸಿದರೆ ಪ್ರಾಣಕ್ಕೇ ಕುತ್ತು. ಇಷ್ಟು ಹೇಳಿ ನನ್ನನ್ನೇ ಕೇಳಿದರು.

"ನಿಮಗೆ ಎಲ್ಲಿಂದಾದರೂ ರಕ್ತ ಹೋಗುತ್ತಾ ಸಾರ್? ಮಾತ್ರೆ ನಿಲ್ಲಿಸಬೇಕಾಗಿ ಬರೋ ಆಪರೇಶನ್ ಏನಾದ್ರೂ ಇದೆಯಾ?"

ಇತ್ತು. ಮೂಲವ್ಯಾಧಿ. ವರ್ಷಗಳಿಂದ ಆಗಾಗ ರಕ್ತ ಹೋಗುತ್ತಿತ್ತು. ಆಪರೇಶನ್ ಮಾಡಿಸಬೇಕೆಂದು ಹಿರಿಯೂರಿನ ವೈದ್ಯರೊಬ್ಬರು ಹೇಳಿದ್ದರು. ಸಂಕೋಚಕ್ಕೆ ಯಾರಿಗೂ ತಿಳಿಸಿರಲಿಲ್ಲ. ಶಾರದಮ್ಮನಿಗೂ ಗೊತ್ತಿಲ್ಲದ ಸಂಗತಿ. ಇನ್ನು ಬಾಮೈದನಿಗೆ ಹೇಗೆ ಗೊತ್ತಾದೀತು? ಯಾವ ಕಾರಿಡಾರಿನಲ್ಲಿ ನಿಂತು ಯಾರನ್ನು ಕೇಳಿದ್ದರೆ ಈ ಉತ್ತರ ಸಿಗುತ್ತಿತ್ತು?

ಎದೆಯ ತೊಂದರೆ ತಕ್ಷಣದ್ದಲ್ಲವೆಂದು ಖಾತ್ರಿ ಮಾಡಿಕೊಂಡು ವೈದ್ಯೆ ಅಂದು ಕೈ ತಡೆದರು. ಸರ್ಜನ್ ಒಬ್ಬರಿಗೆ ತೋರಿಸಿದರು. ಮೂಲವ್ಯಾಧಿಯ ಗಂಟುಗಳಿಗೆ ಸಣ್ಣ ಚಿಕಿತ್ಸೆಯಾಗಿ ಗಾಯ ಮಾಯಲಿ ಎಂದು ಕಾದರು. ಆ ಕೆಲವು ವಾರಗಳನ್ನು ನಾನು ಅಂಗೈಯಲ್ಲಿ ಎದೆ ಹಿಡಿದು ಕಳೆದೆ. ಒಂದು ಸಿಡುಕಿನ ಮಾತಾಡಲೂ ಹೆದರಿದೆ. ಆಮೇಲೆ ನನ್ನನ್ನು ಕೇಳಿ, ನನ್ನ ಬಾಯಿಂದ ಹೌದು ಅನ್ನಿಸಿ, ಎರಡನೆಯ ಸ್ಟೆಂಟು ಹಾಕಿದರು.

ಚೇತರಿಸಿಕೊಂಡ ಮೇಲೆ ಮಾಡಿದ ಮೊದಲ ಕೆಲಸ ದೊಡ್ಡ ಡಾಕ್ಟರನ್ನು ಕಂಡದ್ದು. ಟೋಕನ್ ತೆಗೆದುಕೊಂಡು ಎಲ್ಲರಂತೆ ಕಾದೆ. ಆಂಜಿಯೋಗ್ರಾಮಿನ ಸಿ.ಡಿ.ಯನ್ನು ಅವರ ಮೇಜಿನ ಮೇಲಿಟ್ಟೆ. ಅವರು ಸಿ.ಡಿ. ಮುಟ್ಟಲಿಲ್ಲ.

"ಸ್ಟೆಂಟ್ ಮತ್ತೆ ಮುಚ್ಚೋದು ಯಾರಿಗೆ ಬೇಕಾದರೂ ಆಗಬಹುದು ಯಜಮಾನ್ರೇ."

"ಒಪ್ಪಿದೆ. ಅದಕ್ಕಾಗಿ ನಾನು ಬಂದಿಲ್ಲ. ಎರಡು ಡಬ್ಬಿಗಳನ್ನು ನನಗೇಕೆ ತೋರಿಸಲಿಲ್ಲ?"

"ಟೇಬಲ್ ಮೇಲಿರೋರಿಗೆ ಇದೆಲ್ಲ ಹೇಳಿದ್ರೆ ಗಾಬರಿ ಆಗ್ತಾರೆ. ನಿಮ್ಮ ಕಡೆಯವರೇ ಆರಿಸಿದ್ದು."

"ಅವನು ಬೋರ್ ಕೊರೆಸುವವನು. ಬೋರಿನ ಲೆಕ್ಕದಲ್ಲಿ ಆರಿಸಿದ. ಅದು ತಪ್ಪು ಲೆಕ್ಕ ಅಂತ ನಿಮಗೆ ಗೊತ್ತಿತ್ತು. ತಿದ್ದಲಿಲ್ಲ. ನಕ್ಕಿರಿ."

"ನನಗೆ ನೆನಪಿಲ್ಲ."

"ನನಗಿದೆ."

"ಈಗ ಚೆನ್ನಾಗಿದ್ದೀರಲ್ಲ. ಹಳೆಯದನ್ನೆಲ್ಲ ಯಾಕೆ ತಲೇಲಿ ಇಟ್ಕೋತೀರಿ?" ಎಂದು ಗಂಟೆ ಒತ್ತಿದರು. ಮುಂದಿನವರು ಒಳಗೆ ಬಂದರು. ನನ್ನ ಸಮಯ ಮುಗಿದಿತ್ತು.

ತಿಪ್ಪೇಸ್ವಾಮಿಯ ವಿಷಯದಲ್ಲಿ ನನ್ನ ಸೇಡು ಬೇರೆ ಬಗೆಯದು. ಅವನ ಹೊಸ ಮನೆಯ ಗೃಹಪ್ರವೇಶಕ್ಕೆ ಹೋದೆ. ಎಲೆಯ ಮುಂದೆ ಕುಳಿತೆ. ಬಡಿಸುವುದು ಮುಗಿಯುವವರೆಗೂ ಕುಳಿತಿದ್ದು, ಒಂದಗುಳೂ ಮುಟ್ಟದೆ ಎದ್ದೆ. ಸಾಲಿಡೀ ತಿರುಗಿ ನೋಡಿತು. ಅಕ್ಕನ ಗಂಡ ಉಣ್ಣದೆ ಎದ್ದುಹೋದ ಮನೆ ಎಂದರೆ ಏನೆಂಬುದು ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಅವನು ಬಾಗಿಲವರೆಗೆ ಬಂದು, "ಭಾವ, ಬೇಕಾದ್ರೆ ಎರಡು ಬಾರ್ಸಿಬಿಡ್ರಿ, ಹಿಂಗೆ ಮಾಡ್ಬ್ಯಾಡ್ರಿ" ಎಂದ. ನನಗೆ ಅಯ್ಯೋ ಅನ್ನಿಸಲಿಲ್ಲ. ಇದಾಗಿ ಬಹಳ ಕಾಲದ ನಂತರ ಅವನ ಮನೆಯಲ್ಲಿ ಮಜ್ಜಿಗೆ ಕುಡಿದೆ. ಊಟ ಇನ್ನೂ ಬಾಕಿಯಿದೆ. ಅವನ ತಪ್ಪು ಹೆದರಿದವನ ತಪ್ಪು. ಅರ್ಧ ತೆರೆದ ಬಾಗಿಲಲ್ಲಿ ಅವನನ್ನು ನಿಲ್ಲಿಸಿ ಅವಸರಪಡಿಸಿದವರು ಬೇರೆ ಎಂಬುದನ್ನು ಅಷ್ಟರಮಟ್ಟಿಗೆ ಒಪ್ಪಿಕೊಂಡಿದ್ದೇನೆ.

ಈಗ ಏರನ್ನು ನಿಲ್ಲದೆ ಹತ್ತುತ್ತೇನೆ. ಶಾರದಮ್ಮ ಜೊತೆಗೆ ಬರುತ್ತಾಳೆ, ಬೇಡವೆಂದರೂ ಬರುತ್ತಾಳೆ. ಎರಡು ಮಾತ್ರೆಗಳನ್ನು ತಪ್ಪಿಸಿಲ್ಲ. ಕಾಲು ಎಡವಿದರೆ ಚರ್ಮದಡಿ ನೀಲಿಗಟ್ಟುತ್ತದೆ, ಗಡ್ಡ ಕೆರೆಯುವಾಗ ಬ್ಲೇಡು ತಾಗಿದರೆ ರಕ್ತ ಬೇಗ ನಿಲ್ಲುವುದಿಲ್ಲ, ಅಷ್ಟನ್ನು ಸಹಿಸಬಹುದು. ಯಾವುದೋ ಬೆಳಿಗ್ಗೆ ಮೊಣಕೈ ಮತ್ತೆ ಬಂದು ಊರೀತು ಎಂಬ ಭಯ ಪೂರ್ತಿ ಹೋಗಿಲ್ಲ. ಹೋಗುತ್ತದೆ ಎಂದು ವೈದ್ಯೆಯೂ ಹೇಳಲಿಲ್ಲ. ಅವರು ಸುಳ್ಳು ಹೇಳದವರು. ಅವರಿಗೆ ನಾನು ಋಣಿ. ಬದುಕಿದ್ದೇನೆ, ಎದೆಯಲ್ಲಿ ಏನನ್ನು ಹೊತ್ತು ಬದುಕಿದ್ದೇನೆಂದು ತಿಳಿದು ಬದುಕಿದ್ದೇನೆ.

ಇನ್ನು ನಿಮಗೆ, ದೊಡ್ಡ ಡಾಕ್ಟರೇ. ನಿಮಗೂ ವಯಸ್ಸಾಗುತ್ತದೆ. ನಿಮ್ಮ ರಕ್ತನಾಳವೂ ಒಂದು ದಿನ ಕಟ್ಟಬಹುದು. ಕಟ್ಟದಿರಲಿ ಎಂದು ಹಾರೈಸುವಷ್ಟು ದೊಡ್ಡ ಮನಸ್ಸು ನನಗಿಲ್ಲ. ಆ ದಿನ ನೀವು ಎಚ್ಚರವಾಗಿ ಮಲಗಿರುವಾಗ, ನೀವೇ ಕಲಿಸಿದ ಶಿಷ್ಯನೊಬ್ಬ ಎರಡು ಡಬ್ಬಿ ಹಿಡಿದು, ನಿಮ್ಮ ಮುಖವನ್ನೂ ನೋಡದೆ, ನಿಮ್ಮ ಬಾಮೈದನನ್ನು ಹುಡುಕಿಕೊಂಡು ಬಾಗಿಲಿನ ಕಡೆ ನಡೆದರೆ, ನೀವು ಸುಮ್ಮನೆ ಮಲಗಿರುತ್ತೀರಾ?